ಗುರುವಿನ ಅಳತೆ

ಹೂವಿನಹಡಗಲಿ
೧೨ ಜೂನ್ ೨೦೦೮

ಪ್ರೀತಿಯ ಗುರು ಅಣ್ಣಾ,

ಹೇಗಿದ್ದೀಯ? ಸೊಲ್ಲಾಪುರದ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದ್ದದ್ದು ನಿಂತಿತೇ? ಈರುಳ್ಳಿ ಕೊಯ್ದು ಮೂಸಲು ಅವ್ವ ಹೇಳಿದ್ದಾಳೆ. ಮೆಸ್ಸಿನ ರೊಟ್ಟಿ ಗಟ್ಟಿ ಎಂದು ನೀನು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಅವಳು ರೊಟ್ಟಿ ಬಡಿಯುವಾಗೆಲ್ಲ ನಿನ್ನ ಹೆಸರು ತೆಗೆಯುತ್ತಾಳೆ, ನನಗೆ ತುತ್ತು ಇಳಿಯುವುದಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಇರುವುದೊಂದು ಮೊಬೈಲು, ಅದು ಅಂಗಡಿಯಲ್ಲಿರುತ್ತದೆ. ನಿನ್ನ ಫೋನ್ ಬಂದರೆ ಅಪ್ಪ ಮಷೀನು ತುಳಿಯುವುದನ್ನು ನಿಲ್ಲಿಸಿ, ದಾರ ಪೋಣಿಸುವವನ ಹಾಗೆ ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಹಾಗಿರುವಾಗ ನಾನು ಏನು ಮಾತಾಡಲಿ?

ಅಪ್ಪನ ಕಣ್ಣಿನ ಪೊರೆ ತೆಗೆಸಿದ್ದನ್ನು ಅವ್ವ ಹೇಳಿರಬೇಕು. ಈಗ ಆರಾಮ ಇದ್ದಾನೆ. ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾನೆ. ಕೆಲವು ದಿನ ಕತ್ತರಿ, ಸೂಜಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕಟಿಂಗ್ ಕೆಲಸ ನನ್ನ ತಲೆಗೆ ಬಂತು. ನಗಬೇಡ. ನೀನು ಯೂನಿಫಾರ್ಮ್ ಫ್ಯಾಕ್ಟರಿಯ ಕಟಿಂಗ್ ಮಾಸ್ತರನಾದರೆ ನಾನೂ ಮರುಳಪ್ಪ ಟೇಲರ್ ಮಗಳೇ. ಆದರೆ ಅಳತೆಗಳು ನನಗೆ ಅಪ್ಪನಂತೆ ನೆನಪಿರುವುದಿಲ್ಲ. ಅದಕ್ಕೇ ನಾನು ಪಾಠ ಹೇಳುವ ಕಂಪ್ಯೂಟರ್ ಸೆಂಟರಿನ ದಾದಾಪೀರ್ ಮಾಮನ ಹತ್ತಿರದಿಂದ ಹಳೆಯ ಕಂಪ್ಯೂಟರೊಂದನ್ನು ತಂದು ಅಂಗಡಿಯಲ್ಲಿಟ್ಟೆ. ಗಿರಾಕಿಯ ಹೆಸರು ಒತ್ತಿದರೆ ಅಳತೆ ಬರುವಂಥ ಪುಟವೊಂದನ್ನು ಜಾವಾಸ್ಕ್ರಿಪ್ಟಿನಲ್ಲಿ ನಾನೇ ಬರೆದೆ. ಬರೆದು ಬಹಳ ಬೀಗಿದೆ, ಅದನ್ನೂ ಹೇಳಿಬಿಡುತ್ತೇನೆ.

ಅಪ್ಪನ ಪದ್ಧತಿ ನಿನಗೆ ಮರೆತಿದೆಯೋ ಏನೋ. ಅವನು ಯಾರ ಅಳತೆಯನ್ನೂ ಪೂರ್ತಿ ಬರೆಯುವವನಲ್ಲ. ನೀನು ಪಿಯುಸಿ ಮುಗಿಸಿದ ವರ್ಷ ನಿನ್ನನ್ನು ನಿಲ್ಲಿಸಿ ಟೇಪು ಹಿಡಿದು, ‘ನನ್ನ ಮಗನ ಮೈ ಒಳ್ಳೆ ಹದಕ್ಕ ಬಂದೈತಿ, ಇದರ ಮ್ಯಾಲ ಊರಿಗೇ ಹೊಲೀಬಹುದು’ ಅಂದಿದ್ದನಲ್ಲ, ಅವತ್ತಿನಿಂದ ನಿನ್ನ ಮೈಯೇ ಅಂಗಡಿಗೆ ಮೂಲ ಅಳತೆ. ಬಂದವರು ನಿನಗಿಂತ ಎಲ್ಲಿ ಬೇರೆಯೋ ಅದನ್ನಷ್ಟೇ ಚೀಟಿಯಲ್ಲಿ ಬರೆದು ಬಟ್ಟೆಗೆ ಸಿಕ್ಕಿಸುತ್ತಾನೆ. ಎದೆ ನಲವತ್ತು ಎಂದಷ್ಟೇ ಬರೆದಿದ್ದರೆ ಭುಜ, ತೋಳು, ಕೊರಳು ಎಲ್ಲ ನಿನ್ನವು. ನೀನು ಊರು ಬಿಟ್ಟು ನಾಲ್ಕು ವರ್ಷವಾದರೂ ಹಡಗಲಿಯ ಅರ್ಧ ಗಂಡಸರು ನಿನ್ನ ಭುಜ ಹಾಕಿಕೊಂಡೇ ಓಡಾಡುತ್ತಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಬೆನ್ನು ನೋಡಿ ನೀನೇ ಬಂದೆಯೆಂದು ನಾನು ಎಷ್ಟೋ ಸಲ ಮೋಸಹೋಗಿದ್ದೇನೆ.

ಜಾವಾಸ್ಕ್ರಿಪ್ಟಿನಲ್ಲೂ ಇದೇ ಪದ್ಧತಿ ಇದೆ. ಆಬ್ಜೆಕ್ಟ್ ಎಂದರೆ ಒಂದು ಚೀಲ ಎಂದು ತಿಳಿದುಕೋ. ಒಳಗೆ ಎದೆ, ಭುಜ, ತೋಳು ಎಂದು ಹೆಸರು ಹಚ್ಚಿದ ಸಣ್ಣ ಗಂಟುಗಳಿರುತ್ತವೆ. ಒಂದು ಚೀಲ ನಿನ್ನದು, ಇನ್ನೊಂದು ಗಿರಾಕಿಯದು. ಎಕ್ಸ್‌ಟೆಂಡ್ ಅಂದರೆ ಎರಡನೆಯದನ್ನು ಮೊದಲನೆಯದಕ್ಕೆ ಸುರಿಯುವುದು. ಒಂದೇ ಹೆಸರಿನ ಗಂಟು ಎರಡರಲ್ಲೂ ಇದ್ದರೆ ಕೊನೆಗೆ ಬಿದ್ದದ್ದು ಉಳಿಯುತ್ತದೆ. ಗಿರಾಕಿಯ ಚೀಲದಲ್ಲಿ ಇಲ್ಲದ್ದು ನಿನ್ನದೇ ಇರುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದು ಖಾಲಿ ಚೀಲ ಹಿಡಿದು, ಮೊದಲು ನಿನ್ನದನ್ನು, ಅದರ ಮೇಲೆ ಗಿರಾಕಿಯದನ್ನು ಸುರಿಯಬೇಕು. ಆಗ ನಿನ್ನ ಚೀಲ ಕದಲುವುದಿಲ್ಲ. ನಿನ್ನ ಜಾಣ ತಂಗಿ ಖಾಲಿ ಚೀಲವನ್ನೇ ಮರೆತು, ಬಂದವರನ್ನೆಲ್ಲ ನೇರವಾಗಿ ನಿನ್ನ ಚೀಲಕ್ಕೇ ಸುರಿದಳು.

ಬೆಳಿಗ್ಗೆ ಮೊದಲು ಬಂದವನು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ದೊಡ್ಡಬೀರಪ್ಪ. ಹೊತ್ತು ಹೊತ್ತು ಅವನ ಎಡಭುಜ ಕೆಳಗಿಳಿದಿರುವುದು ನಿನಗೆ ಗೊತ್ತಲ್ಲ. ಅದು ನಿನ್ನ ಚೀಲದಲ್ಲಿ ಉಳಿದುಬಿಟ್ಟಿತು. ಪುಟ ಮುಚ್ಚದೆ ಅಲ್ಲೇ ಮಾಗಳದ ಭಜನಾ ಮಂಡಳಿಯವರ ಬಿಳಿ ಅಂಗಿಗಳನ್ನೆಲ್ಲ ಕತ್ತರಿಸಿದೆ. ಎದೆ ಅವರವರದೇ ಬಂತು. ಚೀಟಿಯಲ್ಲಿ ಭುಜದ ಮಾತೇ ಇರಲಿಲ್ಲವಾದ್ದರಿಂದ ಎಲ್ಲರಿಗೂ ಬೀರಪ್ಪನ ಭುಜ ಬಂತು. ಮೊನ್ನೆ ಮಂಡಳಿಯ ಹಿರಿಯ ಬೊಮ್ಮಯ್ಯ ಹೊಸ ಅಂಗಿ ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತ. ‘ಏನವ್ವ ಸುಮಾ, ನಾವೆಲ್ಲಾ ಒಂದ ಕಡೀಗೆ ವಾಲೇವಿ. ತಾಳ ಹಿಡದು ನಿಂತ್ರ ಮೂಟಿ ಹೊತ್ತಂಗ ಕಾಣ್ತೀರಿ ಅಂತ ಹೆಣ್ಮಕ್ಳು ನಗಾಕ ಹತ್ಯಾರ’ ಅಂದ. ಸಿಟ್ಟಿರಲಿಲ್ಲ ಪುಣ್ಯಕ್ಕೆ. ನಾನು ಬಟ್ಟೆಯ ಗಂಟಿನ ಹಿಂದೆ ಅಡಗಿಕೊಳ್ಳುವುದೊಂದು ಬಾಕಿ. ಅಪ್ಪ ಅವನನ್ನು ಹತ್ತಿರ ಕರೆದು ಹೆಗಲ ಮೇಲೆ ಕೈಯಾಡಿಸಿ, ‘ಇದು ಬೀರಪ್ಪನ ಭುಜ ಐತಲ್ಲ’ ಅಂದ. ಏನಾಯಿತೆಂದು ಒಪ್ಪಿಸಿದೆ. ಬಟ್ಟೆ ಹಾಳು ಮಾಡಿದ್ದಕ್ಕೆ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ‘ಹಂಗಾರ ನಮ್ಮ ಗುರುದು ಅಳತಿ ಎಲ್ಲಿ ಹೋತು?’ ಎಂದು ಕೇಳಿದ.

ಅಣ್ಣಾ, ನಾಲ್ಕು ವರ್ಷದಲ್ಲಿ ಅವನ ಬಾಯಲ್ಲಿ ನಿನ್ನ ಹೆಸರು ಬಂದದ್ದು ಅದೇ ಮೊದಲು. ನೀನು ಸೊಲ್ಲಾಪುರಕ್ಕೆ ಹೊರಟ ದಿನ, ‘ಅಳತಿ ತಗೊಂಡು ಹೊಲಿಯೋರ ಕಾಲ ಮುಗೀತಪ’ ಅಂದೆ ನೀನು. ‘ಹಂಗಾರ ಇನ್ನ ಮ್ಯಾಲ ನನ್ನ ಕೈಯಾಗ ನಿನಗ ಅಂಗಿ ಇಲ್ಲ’ ಅಂದ ಅವನು. ಇಬ್ಬರೂ ಆಡಿದ ಮಾತಿಗೆ ಕಟ್ಟುಬಿದ್ದು ಕೂತಿರಿ. ನಡುವೆ ಅವ್ವನೂ ನಾನೂ ಎರಡು ಕಡೆಗೂ ಮುಖ ನೋಡುತ್ತ ಉಳಿದೆವು. ನೀನಿಲ್ಲದೆ ನನಗೆ ಈ ಮನೆ ಸೇರುವುದಿಲ್ಲ, ಇದನ್ನು ಒಂದು ಸಲ ಬರೆದುಬಿಡುತ್ತೇನೆ, ಮತ್ತೆ ಕೇಳಬೇಡ.

ಭಜನೆಯವರ ಅಂಗಿ ಬಿಚ್ಚಿ ಸರಿಮಾಡಿ ಕೊಟ್ಟಿದ್ದಾಗಿದೆ. ಆದರೆ ನಿನ್ನ ಅಳತೆ ಕಳೆದುಹೋಗಿದೆ. ಮುಂದಿನ ವಾರ ಅಪ್ಪ ಮತ್ತೆ ಕತ್ತರಿ ಹಿಡಿಯುತ್ತಾನೆ. ಅಲಮಾರಿಯಿಂದ ತಿಳಿನೀಲಿ ಗೀರಿನ ಬಟ್ಟೆಯೊಂದನ್ನು ತೆಗೆಸಿ ಪಕ್ಕಕ್ಕಿಟ್ಟುಕೊಂಡಿದ್ದಾನೆ. ಅಳತೆಯಿಲ್ಲದೆ ಹೇಗೆ ಕತ್ತರಿಸುವುದು? ನೀನು ಕಾಗದದಲ್ಲಿ ಬರೆದು ಕಳಿಸಬೇಡ, ತನ್ನ ಮೈಗೆ ತಾನೇ ಟೇಪು ಹಿಡಿದವರ ಅಳತೆಯನ್ನು ಅಪ್ಪ ಒಪ್ಪುವುದಿಲ್ಲ. ರಜೆ ಕೇಳಿಕೊಂಡು ಒಮ್ಮೆ ಬಂದು ನಿಲ್ಲು.

ಅವ್ವ ನಿನ್ನ ತಲೆ ನೇವರಿಸಿದ್ದಾಳೆಂದು ತಿಳಿ. ಬರುವಾಗ ಶೇಂಗಾ ಚಟ್ನಿ ಕಳಿಸಿದ್ದ ಡಬ್ಬಿ ಮರೆಯದೆ ತರಬೇಕಂತೆ. ದಾದಾಪೀರ್ ಮಾಮ ಸಲಾಂ ಹೇಳಿದ್ದಾನೆ.

ನಿನ್ನ ಜಗಳಗಂಟಿ ತಂಗಿ,
ಸುಮಲತಾ

ತಾ.ಕ.: ಅವಸರದಲ್ಲಿದ್ದೇನೆ, ಕಾಗದ ಅಂಚೆ ಡಬ್ಬಿಗೆ ಹಾಕಿ ಬಾ ಎಂದು ಅಪ್ಪ ಕೂಗುತ್ತಿದ್ದಾನೆ. ಮಷೀನು ನಿಲ್ಲಿಸುವ ಮಾತು, ನಿಮ್ಮ ಜಗಳದ ಮಾತು ಬಿಟ್ಟು ಉಳಿದದ್ದನ್ನೆಲ್ಲ ಅವನಿಗೆ ಓದಿ ಹೇಳಿದೆ. ಈಗ ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ. ನಿನ್ನ ಅಳತೆ ಕಳೆದಿಲ್ಲ. ಕೆಟ್ಟದ್ದು ತೆರೆದಿಟ್ಟ ಪುಟದಲ್ಲಿ ಮಾತ್ರ, ಬರೆದಿಟ್ಟ ಫೈಲಿನಲ್ಲಿ ನೀನು ಇದ್ದ ಹಾಗೇ ಇದ್ದೆ. ಪುಟ ಮುಚ್ಚಿ ತೆರೆದೆ, ಬಂದೆ. ಅದೂ ಹೋಗಲಿ, ಮೊದಲು ಆ ಅಳತೆಯನ್ನು ನನಗೆ ಬರೆಸಿದವನೂ ಅಪ್ಪನೇ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ನಿನ್ನ ಹೆಸರೆತ್ತದೆ, ಎಲ್ಲೂ ತಡವರಿಸದೆ. ಬೊಮ್ಮಯ್ಯ ಹೋದ ಕೂಡಲೇ, ‘ಅಪ್ಪಾ, ಗುರು ಅಳತಿ ಸಿಕ್ತು’ ಅಂದೆ. ಅವನು ನೀಲಿ ಬಟ್ಟೆಯ ಮಡಿಕೆ ಸರಿಮಾಡುತ್ತ ಹೇಳಿದ: ‘ಅವಗ ಕಳದೈತಿ ಅಂತನ ಬರಿ.’