ಮಾಯ್ದ ಮೇಲಿನ ಫೋಟೋ

ಮಾರ್ಚ್ 3, ಸಂಜೆ

ಒರೆಸು, ತಣ್ಣೀರು ಸ್ಪ್ರೇ ಮಾಡು, ಮತ್ತೆ ಒರೆಸು. ಚರ್ಮದ ಕೆಂಪು ಇಳಿಯೋವರೆಗೆ ಕಾಯಿ. ಲೈಟು ಓರೆಗೆ ಹಿಡಿ. ಕ್ಲಿಕ್. ಸೊಂಟ ಬಿದ್ದುಹೋಗಿದೆ.

ಇವತ್ತು ಮೂರು ಟ್ಯಾಟೂ. ಅಂಗಡಿಯ ಆನ್‌ಲೈನ್ ಪೇಜಿಗೆ ಹೋಗಿದ್ದು ಒಂದೇ — ಕಾಲೇಜು ಹುಡುಗನ ಭುಜದ ಗೂಬೆ. ಉಳಿದೆರಡು ಬಾಸ್‌ಗೆ ಹಿಡಿಸಲಿಲ್ಲ. ಒಂದು, ಯಾರೋ ಒಬ್ಬನ ತೋಳಿನ ಮೇಲೆ ಅವನ ಹೆಂಡತಿ ಹೆಸರು.

"ಹೆಸರಿಗೆಲ್ಲ ಲೈಕ್ ಬೀಳಲ್ಲ ಕಣೋ. ಅವ್ನ ಹೆಂಡ್ತಿ ಬಿಟ್ರೆ ಇನ್ಯಾರ್ ಒತ್ತಾರೆ?"

ಬಾಸ್ ಹಾಕೋದು ಬರೀ ಅವತ್ತಿನ ಕೆಲಸ. ಮಷೀನ್ ಕೆಳಗಿಡೋ ಮೊದಲೇ ಫೋನು ಹಿಡಿದು ನಿಂತಿರುತ್ತಾರೆ. "ಬಿಸಿ ಬಿಸಿ ಇದ್ದಾಗ್ಲೇ ತೋರಿಸ್ಬೇಕು" ಅಂತಾರೆ. ಹೊಟ್ಟು ಉದುರಿ, ಗಾಯ ಮಾಯ್ದ ಮೇಲೆ ಹೇಗಿದೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿಲ್ಲ.

ಪೇಜಿನ ಮೇಲ್ಗಡೆ ಪಿನ್ ಮಾಡಿರೋದು ನನ್ನ ಬಳ್ಳಿ. ಒಬ್ಬ ನರ್ಸ್ ಮೇಡಂ ಬೆರಳಿನ ಪಕ್ಕಕ್ಕೆ ಹೋದ ವರ್ಷ ಹಾಕಿದ್ದು. ಕೂದಲೆಳೆಯಂಥ ಗೆರೆ, ಅಕ್ಕಿಕಾಳಿಗಿಂತ ಸಣ್ಣ ಎಲೆ. ಇವತ್ತಿಗೂ ಜನ ಅದನ್ನೇ ತೋರಿಸಿ "ಇದೇ ಬೇಕು" ಅಂತ ಬರುತ್ತಾರೆ. ಅಂಗಡಿ ನಡೀತಿರೋದೇ ಆ ಬೆರಳಿಂದ.

ಮಾರ್ಚ್ 5

ಆ ದೊಡ್ಡ ಟ್ಯಾಟೂ ಸ್ಟುಡಿಯೋ ನಡೆಸೋ ಮೇಡಂ ಮೆಸೇಜ್ ಬಂತು! ಕೆಲಸ ಕೊಡಿ ಅಂತ ಎರಡು ವರ್ಷದಿಂದ ಬೆನ್ನು ಹತ್ತಿದ್ದೆ. ಅಲ್ಲಿ ಒಂದು ಕುರ್ಚಿ ಖಾಲಿ ಆಗ್ತಿದೆಯಂತೆ. ನಿಂತಲ್ಲೇ ಓದಿದೆ. ಕೈಲಿದ್ದ ಇಂಕಿನ ಬಾಟಲಿ ಶರ್ಟಿಗೆ.

"ಆರು ಫೋಟೋ ಕಳಿಸು. ಎಲ್ಲಾ ಮಾಯ್ದಿರೋದೇ ಆಗಿರ್ಬೇಕು, ಒಂದು ವರ್ಷ ಆದರೂ ಆಗಿರ್ಬೇಕು. ಫ್ರೆಶ್ ಒಂದೂ ಬೇಡ. ಫ್ರೆಶ್ ಯಾರ್ ಬೇಕಾದ್ರೂ ಚೆನ್ನಾಗಿ ತೆಗೀತಾರೆ."

ಫೋನ್ ಜಾಲಾಡಿದೆ. ಸಾವಿರಗಟ್ಟಲೆ ಫೋಟೋ. ಎಲ್ಲಾ ಹಾಕಿದ ದಿನದ್ದೇ, ಹೊಳೀತಿರೋ ಚರ್ಮ. ಮಾಯ್ದದ್ದು ಒಂದೂ ಇಲ್ಲ. ಆರು ವರ್ಷ ಜನರ ಮೈಮೇಲೆ ಬರೆದಿದ್ದೀನಿ. ಒಬ್ಬ ಗಿರಾಕಿಯನ್ನೂ ಮತ್ತೆ ನೋಡಿಲ್ಲ.

ಮಾರ್ಚ್ 7

ಹಳೇ ಗಿರಾಕಿಗಳಿಗೆಲ್ಲ ಮೆಸೇಜ್. ಅರ್ಧ ಜನ ನೋಡಿ ಸುಮ್ಮನಾದರು. ಒಬ್ಬ "ಯಾರು ಗುರು ನೀನು" ಅಂದ. ಒಬ್ಬಳು — "ಅವ್ನ ಹೆಸರಿನ್ ಮೇಲೆ ಹುಲಿ ಹಾಕಿಸ್ಕೊಂಡೆ. ನಮ್ಮಿಬ್ಬರಿಗೂ ಬ್ರೇಕಪ್ ಆಯ್ತು." ಹುಲಿ ಬೇರೆ ಅಂಗಡಿಯಲ್ಲಿ ಹಾಕಿಸಿದ್ದು. ಚೆನ್ನಾಗಿದೆ. ಹೊಟ್ಟೆ ಉರೀತು.

ಎರಡು ಫೋಟೋ ಬಂದವು. ಒಂದು ಪರವಾಗಿಲ್ಲ. ಇನ್ನೊಂದು ಗುಬ್ಬಿ ಹಾಕಿದ್ದೆ, ಇಂಕು ಹರಡಿ ಈಗ ಕೋಳಿ.

ಮಾರ್ಚ್ 9, ಭಾನುವಾರ

ಅಕ್ಕನ ಮನೆ. ನಾನು ಮೊಟ್ಟಮೊದಲು ಸೂಜಿ ಇಟ್ಟಿದ್ದು ಭಾವನ ತೋಳಿಗೆ. ಮೀನು ಹಾಕಿದ್ದೆ. ಮನೆಯಲ್ಲಿ ಎಲ್ಲರೂ ಅದನ್ನ ಚಪ್ಪಲಿ ಅಂತಾರೆ.

"ಏನೋ, ಚಪ್ಪಲಿ ಫೋಟೋ ಬೇಕಾ? ಎಡಗಾಲಿಂದೋ ಬಲಗಾಲಿಂದೋ?" — ನನ್ನ ಮೆಸೇಜ್ ನೋಡಿದ್ದ ಭಾವ ಬನಿಯನ್ ತೋಳು ಏರಿಸಿಕೊಂಡು ರೆಡಿ.

ಅಕ್ಕ ಬಟ್ಟೆ ಮಡಚುತ್ತಿದ್ದಳು. "ಅವ್ನ ಮುಖ ನೋಡ್ರಿ. ಮೂರು ದಿನದಿಂದ ನಿದ್ದೆ ಮಾಡಿಲ್ಲ ಅದು. ನೀವ್ ಬೇರೆ."

ಆರು ಫೋಟೋ ಸಿಗ್ತಿಲ್ಲ ಅಂತ ಹೇಳಿದೆ. ಭಾವ ಯೋಚನೆಯನ್ನೇ ಮಾಡಲಿಲ್ಲ. "ಅಷ್ಟೇ ತಾನೆ? ಹೊಸ ಫೋಟೋನೇ ಸ್ವಲ್ಪ ಮಂಕು ಮಾಡಿ ಕಳ್ಸು. ಹಳೇ ವ್ಯಾನಿಗೆ ಪೇಂಟ್ ಹೊಡ್ದು ಹೊಸದು ಅಂತ ಮಾರಲ್ವಾ? ನೀನು ಉಲ್ಟಾ ಮಾಡು."

ನಕ್ಕೆ. ಬಸ್ಸಲ್ಲಿ ಬರುವಾಗ ಮಾಡಿಯೇ ನೋಡಿದೆ. ಹೊಳಪು ಇಳಿಸು, ಕಪ್ಪಿಗೆ ಚೂರು ನೀಲಿ ಬೆರೆಸು, ಕೆಂಪು ತೆಗಿ. ಬಳ್ಳಿಯ ಫೋಟೋಗೆ ಒಂದು ವರ್ಷ ವಯಸ್ಸಾಯ್ತು. ಯಾರ ಅಪ್ಪನಿಗೂ ಗೊತ್ತಾಗಲ್ಲ.

ಡಿಲೀಟ್ ಮಾಡಲಿಲ್ಲ. ಇಟ್ಟುಕೊಂಡಿದ್ದೀನಿ.

ಮಾರ್ಚ್ 11, ಮಧ್ಯಾಹ್ನ

ನರ್ಸ್ ಮೇಡಂ ಆಸ್ಪತ್ರೆ ಹಿಂದಿನ ಗೇಟಿಗೆ ಬನ್ನಿ ಅಂದರು. ಊಟದ ಬಿಡುವು. ಕೈ ಒರೆಸಿಕೊಂಡೇ ಬಂದರು.

ಬೆರಳು ಚಾಚಿದರು. ಬಳ್ಳಿ ಇಲ್ಲ. ಬೂದಿ ಬಣ್ಣದ ಒಂದು ಕಲೆ. ಒಂದು ಕಡೆ ಇಂಕು ಒಡೆದು ಹರಡಿದೆ, ಇನ್ನೊಂದು ಕಡೆ ಪೂರ್ತಿ ಹೋಗಿದೆ. ಬೆರಳ ಚರ್ಮದಲ್ಲಿ ಇಂಕು ನಿಲ್ಲಲ್ಲ ಅಂತ ಕೇಳಿದ್ದೆ. ಕಣ್ಣಾರೆ ನೋಡಿರಲಿಲ್ಲ.

"ಪೇಷೆಂಟ್ ಒಬ್ರು, ಅಜ್ಜಿ, ಪೆನ್ನಿನ ಕಲೆ ಅನ್ಕೊಂಡು ಸ್ಪಿರಿಟ್ ಹತ್ತಿ ಹಾಕಿ ಉಜ್ಜಿಬಿಟ್ರು. ನಾನು ಅವರಿಗೆ ಇಂಜೆಕ್ಷನ್ ಕೊಡಕ್ಕೆ ಹೋಗಿದ್ರೆ, ಅವರು ನನ್ ಕೈ ಕ್ಲೀನ್ ಮಾಡ್ತಿದಾರೆ!"

ಅವರು ನಕ್ಕರು. ನನಗೆ ಆಗಲಿಲ್ಲ.

"ಬಂದು ಹೇಳ್ಬಾರ್ದಿತ್ತಾ ಮೇಡಂ?"

"ಮೆಸೇಜ್ ಮಾಡಿದ್ನಲ್ಲ ಅಂಗಡಿಗೆ. ನೀವು ಜಾಸ್ತಿ ಕೈ ತೊಳೀತೀರಿ, ನಿಮ್ದೇ ತಪ್ಪು ಅಂತ ರಿಪ್ಲೈ ಬಂತು. ನರ್ಸು ಕೈ ತೊಳೀದೆ ಇರಕ್ಕಾಗತ್ತಾ?"

ಮೆಸೇಜ್ ನೋಡೋದು ಬಾಸ್. ನನಗೆ ಒಂದು ಮಾತು ಹೇಳಿಲ್ಲ. ಎಷ್ಟು ಜನಕ್ಕೆ ಹೀಗೇ ಉತ್ತರ ಹೋಗಿದೆಯೋ.

ಫೋಟೋ ತೆಗೆಯಲಾ ಅಂತ ಕೇಳಿದೆ. "ತೆಗೀರಿ, ಮುಖ ಬೇಡ" ಅಂದರು. ಹೋಗುವಾಗ ತಿರುಗಿ ನಿಂತು — "ಆವಾಗಾವಾಗ ನಿಮ್ ಪೇಜ್ ತೆಗ್ದು ನೋಡ್ತೀನಿ. ನನ್ ಬೆರಳಲ್ಲಿ ಇಲ್ದಿರೋದು ಅಲ್ಲಿ ಇದೆಯಲ್ಲಾ... ಖುಷಿ ಆಗತ್ತೆ."

ಬೈದಿದ್ದರೆ ತಡ್ಕೋಬಹುದಿತ್ತು.

ಮಾರ್ಚ್ 16

ನಾಲ್ಕು ದಿನ ಬರೆಯಲಿಲ್ಲ. ಬಿಡುವಾದಾಗಲೆಲ್ಲ ಅಲೆದಾಟ. ನನ್ನ ಕೆಲಸವನ್ನ ನಾನೇ ಹುಡುಕಿಕೊಂಡು ಮನೆ ಮನೆ ಬಾಗಿಲು ತಟ್ಟೋದು. ಮೀಟರ್ ರೀಡಿಂಗಿಗೆ ಬಂದವನು ಅನ್ಕೊಂಡರು ಒಂದು ಕಡೆ.

ವಿಚಿತ್ರ ಏನಂದರೆ, ಲೈಕ್ ಬಿದ್ದವೆಲ್ಲ ಮಸುಕಾಗಿವೆ. ಬಾಸ್ ಬೇಡ ಅಂದವು ಕಲ್ಲಿನ ಹಾಗೆ ಕೂತಿವೆ. ವೆಲ್ಡಿಂಗ್ ಶಾಪಿನವನ ತೋಳಿಗೆ ಅವನ ಅಮ್ಮನ ಹೆಸರು ಬರೆದಿದ್ದೆ, ದಪ್ಪ ಅಕ್ಷರ. "ಅಂಗಡಿ ಬೋರ್ಡ್ ಇದ್ದಂಗಿದೆ" ಅಂತ ಬಾಸ್ ಅವತ್ತು ಪೇಜಿಗೆ ಹಾಕಿರಲಿಲ್ಲ. ಬೆಂಕಿ, ಬಿಸಿಲು, ಕಿಡಿ ಹಾರಿದ ಕಲೆ... ಅದರ ನಡುವೆ ಅಕ್ಷರ ಮೊನ್ನೆ ಬರೆದ ಹಾಗಿದೆ.

"ಚೆನ್ನಾಗ್ ಬಂದಿದ್ಯಾ?" ಅಂತ ಅವನು ನನ್ನನ್ನೇ ಕೇಳಿದ. ಮಸಿ ಒರೆಸಿಕೊಂಡು, ತಲೆ ಬಾಚಿಕೊಂಡು ನಿಂತ. ಫೋಟೋದಲ್ಲಿ ಬರೋದು ತೋಳು ಮಾತ್ರ ಅಂದರೂ ಕೇಳಲಿಲ್ಲ.

ಐದು ಒಳ್ಳೇವು ಸಿಕ್ಕವು. ಇನ್ನೊಂದು ಬೇಕು. ಕಾಲಲ್ಲಿ ಬಲ ಇಲ್ಲ ಇನ್ನು.

ಮಾರ್ಚ್ 18

ಒಂದು ಹುಡುಗಿ. ಬಳ್ಳಿ, ಬೆರಳಿಗೆ. ಬಾಸ್ ಬುಕಿಂಗ್ ತಗೊಂಡಿದ್ದರು. ಗ್ಲೌಸ್ ಹಾಕಿದೆ. ಸ್ಟೆನ್ಸಿಲ್ ಇಟ್ಟು ಬಳ್ಳಿಯ ಅಚ್ಚು ಒತ್ತಿದೆ. ಪೇಜಲ್ಲಿದ್ದ ಫೋಟೋನೇ ನನ್ನ ಕಣ್ಣ ಮುಂದೆ ಹಿಡಿದಳು — "ಹಿಂಗೇ ಬರತ್ತಲ್ವಾ ಅಣ್ಣ?"

ಅಣ್ಣ ಅಂದಳಲ್ಲ... ಗ್ಲೌಸ್ ತೆಗೆದು ಫೋನ್ ತೋರಿಸಿದೆ. ಇದು ಹಾಕಿದ ದಿನ. ಇದು ಒಂದು ವರ್ಷ ಆದಮೇಲೆ. ಅದೇ ಬೆರಳು.

ತುಂಬಾ ಹೊತ್ತು ನೋಡಿದಳು. ಎದ್ದು, ಬೆರಳ ಮೇಲಿನ ಅಚ್ಚು ತೊಳೆದುಕೊಂಡು ಹೋದಳು.

ಬಾಸ್ ಶಟರ್ ಅರ್ಧ ಎಳೆದರು, ಬೈಯೋಕೆ. "ನಿಂಗೆ ತಲೆ ನೆಟ್ಟಗಿದ್ಯೇನೋ? ಕೂತಿರೋ ಗಿರಾಕೀನ ಎಬ್ಬಿಸ್ತೀಯಲ್ಲ!"

"ಅದು ನಿಲ್ಲಲ್ಲ ಬಾಸ್. ನಿಮ್ಗೂ ಗೊತ್ತಿತ್ತು."

"ನಿಲ್ಲೋದು ಯಾರಿಗೆ ಬೇಕೋ? ಅವ್ಳಿಗೂ ಫೋಟೋನೇ ಬೇಕಾಗಿರೋದು."

ಪೂರ್ತಿ ಸುಳ್ಳೂ ಅಲ್ಲ. ನಾಳೆಯಿಂದ ನನಗೆ ಮಷೀನ್ ಇಲ್ಲ, ಒರೆಸೋದು ಗುಡಿಸೋದು ಅಷ್ಟೇ ಅಂತ ತೀರ್ಪಾಯ್ತು. ಬಳ್ಳಿ ಪಿನ್ ಆಗೇ ಇದೆ.

ಮಾರ್ಚ್ 19, ಬೆಳಿಗ್ಗೆ

ದೊಡ್ಡ ಸ್ಟುಡಿಯೋಗೆ ಫೋಟೋ ಕಳಿಸೋಕೆ ಕೂತೆ. ಐದು ಹಾಕಿದೆ. ಆರನೇದಕ್ಕೆ ಎರಡು ಬೆರಳು ಎದುರಿಗೆ. ಒಂದು, ಬಸ್ಸಲ್ಲಿ ವಯಸ್ಸು ಮಾಡಿದ್ದು. ಇನ್ನೊಂದು ಗೇಟಿನ ಹತ್ತಿರ ತೆಗೆದದ್ದು. ಮೊದಲನೇದು ಎಷ್ಟು ಚೆನ್ನಾಗಿದೆ ಅಂದರೆ, ಬೇರೆ ಯಾರೋ ಹಾಕಿದ್ದಿರಬೇಕು ಅನ್ನಿಸ್ತು. ನರ್ಸ್ ಮೇಡಂ ಅದನ್ನೂ ನೋಡಿ ಖುಷಿಪಡ್ತಿದ್ದರೋ ಏನೋ.

ಕಲೆಯಾಗಿರೋದನ್ನೇ ಕಳಿಸಿದೆ. ಕೆಳಗೆ ಬರೆದೆ: ಇದೂ ನನ್ನದೇ.

ಫೋನ್ ತಿರುಗಿಸಿ ಇಟ್ಟೆ. ನೆಲ ಗುಡಿಸಿದೆ.

ಮಾರ್ಚ್ 23

ಉತ್ತರ ಇಲ್ಲ. ಹೋಯ್ತು ಬಿಡು. ಐದು ಒಳ್ಳೇದಕ್ಕೆ ಒಂದು ಕೆಟ್ಟದ್ದು ಅಂಟಿಸಿ ಕಳಿಸೋ ಪೆದ್ದ ನಾನೊಬ್ಬನೇ ಇರಬೇಕು. ಭಾವನಿಗೆ ಹೇಳಿದರೆ ಚಪ್ಪಲೀಲೇ ಹೊಡೀತಾನೆ — ತೋಳಿನದಲ್ಲ, ಕಾಲಿನದು.

ಮಾರ್ಚ್ 26, ಬೆಳಿಗ್ಗೆ

ನರ್ಸ್ ಮೇಡಂ ಬಂದಿದ್ದರು, ಡ್ಯೂಟಿ ಬಟ್ಟೆಯಲ್ಲೇ. ಬಾಸ್ ಇರಲಿಲ್ಲ.

"ಬೆರಳಿಗೆ ಬೇಡ ಅಂತ ಗೊತ್ತಾಯ್ತು. ಎಲ್ಲಿಗೆ ಹಾಕಿದ್ರೆ ಇರತ್ತೆ, ಅಲ್ಲಿಗೆ ಹಾಕಿ."

ಬಾಸ್ ಮುಟ್ಟಬೇಡ ಅಂದಿದ್ದ ಮಷೀನ್ ಎತ್ತಿಕೊಂಡೆ. ತೋಳಿನ ಮೇಲ್ಭಾಗಕ್ಕೆ. ಗೆರೆ ದಪ್ಪ, ಎಲೆ ದೊಡ್ಡದು, ನಡುವೆ ಜಾಗ ಬಿಟ್ಟು. ಅವರು ಅರ್ಧದಲ್ಲೇ ನಿದ್ದೆ ಹೋದರು. ನೈಟ್ ಡ್ಯೂಟಿ ಮುಗಿಸಿ ಬಂದಿದ್ದರಂತೆ. ಸೂಜಿ ಓಡುತ್ತಿದ್ದರೂ ಗೊರಕೆ.

ಮುಗೀತು. ಒರೆಸಿದೆ, ತಣ್ಣೀರು, ಮತ್ತೆ ಒರೆಸಿದೆ. ಕೈ ತಾನೇ ಲೈಟಿನ ಕಡೆ ಹೋಯ್ತು. ಬಿಟ್ಟೆ.

"ಫೋಟೋ ಬೇಡ್ವಾ?"

"ಒಂದು ವರ್ಷ ಬಿಟ್ಟು ಬನ್ನಿ ಮೇಡಂ, ತೆಗೀತೀನಿ."

"ಒಂದು ವರ್ಷ ಬಿಟ್ಟು ನೀವೆಲ್ಲಿರ್ತೀರೋ."

ಗೊತ್ತಿಲ್ಲ ಅನ್ನೋಷ್ಟರಲ್ಲಿ ಫೋನ್. ದೊಡ್ಡ ಸ್ಟುಡಿಯೋ ನಂಬರು. ಕೈಯಲ್ಲಿ ಗ್ಲೌಸು, ಗ್ಲೌಸ್ ತುಂಬಾ ಇಂಕು. ನರ್ಸ್ ಮೇಡಂ ತಾವೇ ಎತ್ತಿ ನನ್ನ ಕಿವಿಗೆ ಹಿಡಿದರು.

"ಐದು ನೋಡ್ದೆ. ಆ ಆರನೇದು ಯಾರ್ ಬೆರಳಪ್ಪಾ ಅದು?"

"ಇಲ್ಲೇ ಇದೆ ಮೇಡಂ. ಫೋನ್ ಹಿಡ್ಕೊಂಡಿದೆ."

ಆ ಕಡೆಯಿಂದ ಜೋರು ನಗು. ಒಂದೇ ಒಂದು ಮಾತು ಕೇಳಿದರು, "ಯಾವತ್ತಿಂದ ಕೆಲಸಕ್ಕೆ ಬರ್ತೀಯಾ?"