ಕೂತು ನೋಡದ ಗಾದಿ

ಬೋರಗಾಂವ
ಗುರುವಾರ, ೧೨ ಡಿಸೆಂಬರ್ ೨೦೨೪

ಕೋಮಲ,

ಕಾಲೇಜಿನ ರಜೆಗಳಲ್ಲಿ ನಾವಿಬ್ಬರೂ 'ನಾನು ಕ್ಷೇಮ' ಎಂದೇ ಕಾಗದ ಶುರು ಮಾಡುತ್ತಿದ್ದೆವು. ಇಂದು ಹಾಗೆ ಬರೆದರೆ ಸುಳ್ಳಾಗುತ್ತದೆ, ಅದಕ್ಕೆ ಬಿಟ್ಟಿದ್ದೇನೆ. ನೀನು ಹೇಗಿದ್ದೀ ಎಂದೂ ಕೇಳುವುದಿಲ್ಲ.

ನಿನ್ನ ಫೋನು ಈಗ ನಿನ್ನ ಅಣ್ಣ ಸಂಜಯನ ಕಿಸೆಯಲ್ಲಿದೆಯಂತೆ. ನಾನು ಹಚ್ಚಿದಾಗ ಅವನೇ ಎತ್ತಿದ. "ಇನ್ನೊಮ್ಮೆ ಹಚ್ಚಿದ್ರ, ನಿನಗೂ ಎರಡ ಮೊಣಕಾಲ ಅದಾವು, ನೆನಪಿರ್ಲಿ" ಎಂದ. ದನಿ ಎತ್ತರಿಸಲಿಲ್ಲ, ಹಾಲು ಎಷ್ಟು ಹಾಕಲಿ ಎಂದು ಕೇಳುವವನಂತೆ ಹೇಳಿದ. ಹಾಗಾಗಿ ಇದನ್ನು ನಿಮ್ಮ ಮನೆಯ ಭಾಂಡೆ ತಿಕ್ಕುವ ಗಂಗಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ. ಓದಿದ ಮೇಲೆ ಒಲೆಗೆ ಹಾಕು.

ನಾನು, ಆಯಿ, ಬಾಬಾ ಊರು ಬಿಟ್ಟು ಇಲ್ಲಿ ಆಯಿಯ ತಂಗಿ ಮಾವಶಿಯ ಮನೆಯಲ್ಲಿದ್ದೇವೆ. ಸಂಜಯನ ಮೇಲೆ ಕೇಸು ದಾಖಲಾದ ಮರುದಿನ ಮಟಮಟ ಮಧ್ಯಾಹ್ನ ನಮ್ಮ ಮನೆಯ ತಗಡಿನ ಪತ್ರಾಸಿನ ಮೇಲೆ ಕಲ್ಲು ಬಿದ್ದವು. ಒಂದು ಕಲ್ಲು ಪತ್ರಾಸು ಹರಿದುಕೊಂಡು ಆಯಿ ಹಿಟ್ಟು ನಾದುತ್ತಿದ್ದ ಪರಾತಕ್ಕೆ ಬಿತ್ತು. ಆಯಿ ಅದನ್ನು ತೆಗೆದು ಪಕ್ಕಕ್ಕಿಟ್ಟು ಮತ್ತೆ ನಾದತೊಡಗಿದಳು. ಅವಳ ಹೆಬ್ಬೆರಳು ಒಡೆದದ್ದು ಹಿಟ್ಟು ಕೆಂಪಾದ ಮೇಲೆ ನಮಗೆ ಕಂಡಿತು.

ನೀನು ಆ ದಿನ ಅಲ್ಲೇ ಇದ್ದೆ. ನಾನಿರಲಿಲ್ಲ. ಆದರೂ ನಾನೇ ಬರೆಯುತ್ತೇನೆ, ಯಾಕೆಂದರೆ ಊರಿನಲ್ಲಿ ಈಗ ಬೇರೆಯೇ ಕಥೆ ನಡೆದಿದೆ. ನನ್ನ ಅಣ್ಣ, ನಮ್ಮ ವಿಕ್ರಾಂತ ದಾದಾ, ಕಬ್ಬಿನ ಟ್ರೇಲರಿನಿಂದ ಬಿದ್ದ, ಚಕ್ರ ಮೊಣಕಾಲ ಮೇಲೆ ಹಾದುಹೋಯಿತು ಎನ್ನುತ್ತಾರೆ. ಕೇಳಿ ಕೇಳಿ ನನಗೂ ಒಮ್ಮೊಮ್ಮೆ ಆ ಚಕ್ರ ಕಾಣಿಸುತ್ತದೆ.

ನಿನ್ನನ್ನು ನೋಡಲು ಬರುವ ಗಂಡಿನ ಕಡೆಯವರಿಗೆ ಸೋಫಾ ಬೇಡ, ನೆಲದ ಬೈಠಕ್ಕೇ ಚೆಂದ, ಕೂಡಲು ಎಂಟು ಚೌಕ ಗಾದಿ ಹೊಲಿದುಕೊಡಿ ಎಂದು ನೀನೇ ನಮ್ಮ ಮನೆಗೆ ಬಂದಿದ್ದೆ. ದಾದಾ ಮಗ್ಗದಿಂದ ತಂದ ಕಟ್‌ಪೀಸು, ಆಯಿಯ ಹಳೆ ಸೀರೆಗಳ ಸೆರಗು, ಟೇಲರ್ ಅಂಗಡಿಯಲ್ಲಿ ಉಳಿದ ಪರಕಾರ ಲಂಗದ ತುಂಡು, ಎಲ್ಲವನ್ನೂ ನೆಲಕ್ಕೆ ಹರವಿ ಯಾವ ಬಣ್ಣದ ಪಕ್ಕಕ್ಕೆ ಯಾವುದು ಎಂದು ನಾವಿಬ್ಬರೂ ಜಗಳ ತೆಗೆದೆವು. ಆ ಹೊತ್ತೆಲ್ಲ ನೀನು ನಮ್ಮ ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಯಾರೂ ನಿನ್ನನ್ನು ಏಳು ಎನ್ನಲಿಲ್ಲ.

ನಾವು ಗಾದಿ ಮಾಡುವ ರೀತಿ ನಿನಗೆ ಗೊತ್ತು. ಮೂರು ಬದಿ ಒಳಮೈಯಿಂದ ಹೊಲಿದು ತಿರುವಿ ಹಾಕುತ್ತೇವೆ. ಲಟ್ಟಣಿಗೆಯ ತುದಿಯಿಂದ ಮೂಲೆಗಳನ್ನು ಹೊರದೂಡುತ್ತೇವೆ. ಚಿಂದಿಯನ್ನು ಮೊದಲು ಮೂಲೆಗೆ, ಆಮೇಲೆ ಹೊಟ್ಟೆಗೆ ತುಂಬಿ, ಒಂದು ಗೇಣು ಬಾಯಿ ಬಿಟ್ಟು, ಮೇಲೆ ಕೂತು ನೋಡುತ್ತೇವೆ. ಚಿಂದಿ ಹತ್ತಿಯಂತಲ್ಲ, ತಾನಾಗಿ ಹರಡುವುದಿಲ್ಲ. ಮೈಭಾರ ಬಿದ್ದಾಗಲೇ ಎಲ್ಲಿ ಗಂಟು, ಎಲ್ಲಿ ಟೊಳ್ಳು ತಿಳಿಯುವುದು. ಅದನ್ನು ಸರಿಮಾಡಿ ಆಮೇಲೆ ದಬ್ಬಣದಿಂದ ಬಾಯಿ ಹೊಲಿಯುವುದು. ಆಯಿಯ ಆ ಉದ್ದನೆಯ ಸೂಜಿ, ನೀನೊಮ್ಮೆ ತುರುಬಿಗೆ ಸಿಕ್ಕಿಸಿಕೊಂಡು ನಕ್ಕಿದ್ದೆಯಲ್ಲ, ಅದೇ. "ಕೂತ ನೋಡದ ಗಾದಿ ಮಂದಿಗಿ ಕೊಡಬಾರ್ದು" ಎಂಬುದು ಆಯಿಯ ಮಾತು. ದಾದಾ ಅದನ್ನು ಎಂದೂ ಮೀರಿದವನಲ್ಲ.

ಆ ದಿನ ಅವನು ಗಾದಿಗಳನ್ನು ನಿಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ಇಳಿಸಿ, ನಮ್ಮ ಬಾಬಾ ಇಷ್ಟು ವರ್ಷ ಮೆಟ್ಟಿಲು ಹತ್ತದೆ ನಿಂತ ಜಾಗದಲ್ಲೇ ಕೆಳಗೆ ನಿಂತ. ನೀನು ಒಳಗೆ ಹಾಸಿ ನೋಡಿ, "ದಾದಾ, ಇದೊಂದ ಬಗಲಿಗಿ ಉಬ್ಬೈತಲ್ಲೋ, ನೋಡ ಬಾ ಇಲ್ಲಿ" ಎಂದು ಕರೆದೆ. ಅವನು ಚಪ್ಪಲಿ ಬಿಟ್ಟು ಬಂದ. ಕೈಯಿಂದ ಒತ್ತಿ ನೋಡಿದ. ತಿಳಿಯಲಿಲ್ಲ. ಕೂತ. ಎಷ್ಟು ಹೊತ್ತು ಕೂತಿದ್ದೆ ಎಂದು ನಾನು ಕೇಳಿದ್ದಕ್ಕೆ, "ಗಂಟ ಸಿಗೂಮಟ" ಎಂದ.

ಸಂಜಯ ಟ್ರ್ಯಾಕ್ಟರ್ ರಿಪೇರಿ ಬಿಟ್ಟು ಬಂದಿದ್ದ. ನಟ್ಟು ತಿರುವುವ ದೊಡ್ಡ ಪಾನಾ ಕೈಯಲ್ಲೇ ಇತ್ತು. "ಎಲ್ಲಿ ಕುಂತಿಯಲೇ?" ಎಂದು ಕೇಳಿದ. ದಾದಾ ನಗುತ್ತ, "ಗಂಟ ಹುಡಕಾಕತ್ತೀನ್ರಿ" ಎಂದ. ನಗಬಾರದಿತ್ತು ಎಂದು ದಾದಾ ಈಗ ಹೇಳುತ್ತಾನೆ. ತಪ್ಪನ್ನು ಇನ್ನೂ ತನ್ನಲ್ಲೇ ಹುಡುಕುತ್ತಿದ್ದಾನೆ.

ಮೊದಲ ಏಟು ಬಾಯಿಗೆ ಬಿತ್ತು. ಹಲ್ಲು ಗಾದಿಯ ಮೇಲೆ ಉದುರಿದವು. ಏಳಲು ಹೋದವನ ಎದೆಗೆ ಸಂಜಯ ಕಾಲಿಟ್ಟು ಒತ್ತಿದ. "ಏಳಬ್ಯಾಡ. ಕುಂಡ್ರು ಹೌಸಿ ಬಾಳ ಐತಲ್ಲ ನಿನಗ, ಇನ್ನ ಸಾಯೂಮಟ ಕುಂತ ಇರು." ಆಮೇಲೆ ಬಲ ಮೊಣಕಾಲಿಗೆ ಹೊಡೆದ. ಮೊದಲ ಸಲ ಹಸಿ ಕಬ್ಬು ಮುರಿದ ಸಪ್ಪಳ ಬಂತಂತೆ. ಆಮೇಲಿನ ಏಟುಗಳಿಗೆ ಅದೂ ಬರಲಿಲ್ಲವಂತೆ, ಹಿಟ್ಟಿನ ಚೀಲಕ್ಕೆ ಹೊಡೆದಂತೆ ಇತ್ತಂತೆ. ಅದೇ ಕಾಲು ಹಿಡಿದು ಎಳೆದುಕೊಂಡು ಹೋದ. ಮೆಟ್ಟಿಲು ಮೆಟ್ಟಿಲಿಗೂ ದಾದಾನ ತಲೆ ಬಡಿಯಿತು. ಅಂಗಳದ ಮಣ್ಣಿಗೆ ಅವನನ್ನು ಎಸೆದು, ತಿರುಗಿ ಒಳಗೆ ಬಂದು, ಕಬ್ಬು ಕಡಿಯುವ ಕೊಯ್ತಾದಿಂದ ಆ ಗಾದಿಯನ್ನೂ ಸೀಳಿದ. ಒರೆಸಿದವಳು ಗಂಗಾ. "ರಕ್ತ ನೆಲದ ಮ್ಯಾಲ ನಿಂದ್ರಲೇ ಇಲ್ಲ ಯವ್ವಾ, ಚಿಂದಿ ಎಲ್ಲಾ ಕುಡದಬಿಟ್ಟಿತ್ತು" ಎಂದು ನನಗೆ ಹೇಳಿದಳು. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಮ್ಮ ಅಪ್ಪ ಧರೆಪ್ಪ ಸಾವಕಾರರು ಹೊಲದಲ್ಲಿದ್ದರು, ನಿಮ್ಮ ಅವ್ವ ಹಿತ್ತಲಲ್ಲಿ.

ನೀನು ಅಡುಗೆಮನೆಯ ಚೌಕಟ್ಟು ಹಿಡಿದು ನಿಂತಿದ್ದೆ. ಇದನ್ನು ಹೇಳಲು ದಾದಾ ಬಹಳ ದಿನ ತೆಗೆದುಕೊಂಡ. "ಕೋಮಲ ಅಳಾಕತ್ತಿತ್ತ ಪಾಪ" ಎಂದ. ಅದನ್ನೂ ನಿನ್ನ ಪರವಾಗಿಯೇ ಹೇಳಿದ.

ಕಳೆದ ವಾರ ಊರಿನ ಹಿರಿಯ ತವನಪ್ಪ ಇಲ್ಲಿಗೆ ಬಂದಿದ್ದರು. ಮಾವಶಿ ಹಾಸಿದ ಗಾದಿಯ ಮೇಲೆ ಕೂತು, "ಬಾಳ ಮೆತ್ತಗ ಐತಿ" ಎಂದು ಹೊಗಳಿದರು. ಚಹಾ ಕುಡಿದರು. ಆಮೇಲೆ ಬಾಬಾನಿಗೆ, "ನಾಮದೇವ, ಮೊಣಕಾಲ ಹೋಗೈತಿ, ಕುತಗಿ ಉಳದೈತಿ. ಅದನ್ನ ಉಪಕಾರ ಅಂತ ತಿಳಕೋ, ಕೇಸ್ ಹಿಂದಕ್ಕ ತಗೋ" ಎಂದರು. ಹೊರಡುವಾಗ ತವನಪ್ಪ ನಿಮ್ಮ ಅವ್ವನ ಮಾತನ್ನೂ ಮುಟ್ಟಿಸಿದರು. "ಚನ್ನವ್ವ ಹೇಳ್ಯಾಳ, ಎಂಟರಾಗ ಒಂದ ಗಾದಿ ಕಡಿಮಿ ಬಿದ್ದೈತಂತ. ಹದಿನೈದಕ್ಕ ಐತವಾರ ಕನ್ಯಾ ನೋಡಾವ್ರು ಬರ್ತಾರ. ಅದೊಂದ ಹೊಲದ ಕಳಿಸ್ರಿ, ನಿಮ್ಮ ಮನಸ್ಸಿನಾಗ ಏನೂ ಇಲ್ಲ ಅಂತ ಅವ್ರಿಗೂ ಗೊತ್ತಾಗ್ಲಿ."

ಗಾದಿಗೆ ಮಾತ್ರ ಬಾಬಾ ಆಗಲಿ ಎಂದರು. ಆಯಿ ಕತ್ತರಿಯನ್ನು ಗೋಡೆಗೆ ಎಸೆದಳು. "ಏನ ತುಂಬಿ ಹೊಲೀಲಿ? ನನ್ನ ಮಗನ ಕಾಲ ತುಂಬಿ ಹೊಲೀಲೇನು?" ಆಯಿ ಸುಗಂಧಾಳನ್ನು ನೀನು ಬಲ್ಲೆ, ನಮ್ಮನ್ನೆಂದೂ ಗದರಿಸಿದವಳಲ್ಲ. ಗೋಡೆಯ ಗಿಲಾವು ಕಿತ್ತು ಬಿತ್ತು. ಕತ್ತರಿ ಎತ್ತಿಕೊಂಡು, ನಾನು ಹೊಲಿಯುತ್ತೇನೆ ಎಂದೆ.

ಹೊಲಿಯುವಾಗ ನನ್ನ ತಲೆಯಲ್ಲಿ ಏನಿತ್ತು ಎಂದು ನಿನ್ನೊಬ್ಬಳಿಗೆ ಹೇಳಬಲ್ಲೆ. ಚಿಂದಿಯನ್ನು ಸಂಜಯನ ಬೆರಳೆಂದು ಕತ್ತರಿಸಿದೆ, ಒಂದೊಂದಾಗಿ, ಅವಸರವಿಲ್ಲದೆ. ಮೂಲೆಗೆ ತುರುಕುವಾಗ ಅವನ ಗಂಟಲಿಗೆ ತುರುಕಿದೆ. ಲಟ್ಟಣಿಗೆಯಿಂದ ಜಡಿದೆ, ಮತ್ತೆ ತುರುಕಿದೆ. ಅವನ ಕಣ್ಣು ಹೊರಬರುವುದನ್ನು ನೋಡಿದೆ. ಸಾಹಿತ್ಯದ ತರಗತಿಯಲ್ಲಿ ರೌದ್ರ ರಸದ ಬಗ್ಗೆ ಐದು ಅಂಕದ ಉತ್ತರ ಬರೆದಿದ್ದೆವಲ್ಲ. ಕಣ್ಣು ಕೆಂಪಾಗುತ್ತದೆ, ಹುಬ್ಬು ಗಂಟಿಕ್ಕುತ್ತದೆ ಎಂದೆಲ್ಲ ಇತ್ತು. ಕೈ ಇಷ್ಟು ತಣ್ಣಗಿರುತ್ತದೆ ಎಂದು ಅದರಲ್ಲಿರಲಿಲ್ಲ.

ಹಸಿರು ಗಾದಿ. ಉಳಿದ ಏಳಕ್ಕೂ ನಡುವೆ ಹಳದಿ ದಾರದ ಗಂಟಿದೆ, ಇದಕ್ಕೆ ಕೆಂಪು ಹಾಕಿದ್ದೇನೆ. ಎಲ್ಲಕ್ಕಿಂತ ದಪ್ಪವಾಗಿದೆ. ಬೈಠಕ್ಕಿನಲ್ಲಿ ದಪ್ಪನೆಯದನ್ನೇ ಎಳೆದುಕೊಂಡು ಕಂಬಕ್ಕೆ ಒರಗುವುದು ಸಂಜಯನ ಚಟ ಎಂದು ನೀನೇ ನಗುತ್ತ ಹೇಳಿದ್ದು ನನಗೆ ನೆನಪಿತ್ತು. ನಿನ್ನೆ ಬಾಬಾ ಅದನ್ನು ತಲೆಯ ಮೇಲೆ ಹೊತ್ತು ನಿಮ್ಮ ಮನೆಗೆ ತಂದು ಗಂಗಾಳ ಕೈಗೆ ಕೊಟ್ಟರು. ಮೆಟ್ಟಿಲು ಹತ್ತಲಿಲ್ಲವಂತೆ.

ನಿನ್ನೆ ಸಂಜೆ ನಿಪ್ಪಾಣಿಯ ಆಸ್ಪತ್ರೆಯಲ್ಲಿ ದಾದಾನ ಹತ್ತಿರ ಕೂತಿದ್ದೆ. ಮೊಣಕಾಲಿಗೆ ಉಕ್ಕಿನ ಸಳಿ ಹಾಕಿದ್ದಾರೆ. ಅದು ಇನ್ನು ಮಡಚುವುದಿಲ್ಲ. ದಿನವಿಡೀ ಮಗ್ಗದ ಮುಂದೆ ನಿಲ್ಲುವ ಕೆಲಸ ಮುಗಿಯಿತು. ನೆಲದ ಮೇಲೆ ಕೂಡುವುದೂ ಮುಗಿಯಿತು. ಸಂಜಯ ಹೇಳಿದಂತೆ ಕೂತಿರಲೂ ಅವನಿಗೆ ಆಗುವುದಿಲ್ಲ. ಗಾದಿ ಕಳಿಸಿದ್ದು ಅವನಿಗೆ ಗೊತ್ತಾಗಿತ್ತು. ಹಲ್ಲಿಲ್ಲದ ಬಾಯಿಂದ ಕೇಳಿದ, "ಕೂತ ನೋಡ್ದೇನ ಬೇ?"

ಹೂಂ ಎಂದೆ.

"ಗಂಟ ಇತ್ತೇನು?"

ಇಲ್ಲ ಎಂದೆ. ಅವನು ಸಮಾಧಾನವಾದವನಂತೆ ಕಣ್ಣು ಮುಚ್ಚಿದ.

ನಾಡಿದ್ದು ಶನಿವಾರ ಚಿಕ್ಕೋಡಿಯಿಂದ ಪೊಲೀಸ್ ಸಾಹೇಬರು ನಿಮ್ಮ ಮನೆಗೆ ಹೇಳಿಕೆ ಬರೆದುಕೊಳ್ಳಲು ಬರುತ್ತಾರೆ. ನೋಡಿದವಳು ನೀನೊಬ್ಬಳೇ. ಏನೂ ಕಾಣಲಿಲ್ಲ ಎಂದು ನೀನು ಹೇಳಿದರೆ ದಾದಾ ಟ್ರೇಲರಿನಿಂದ ಬಿದ್ದವನೇ ಆಗುತ್ತಾನೆ, ಭಾನುವಾರ ಸಂಜಯ ಕಂಬಕ್ಕೆ ಒರಗಿ ಬೀಗರೊಡನೆ ಚಹಾ ಕುಡಿಯುತ್ತಾನೆ. ಕಂಡದ್ದನ್ನು ಹೇಳಿದರೆ ಬಂದ ಸಂಬಂಧ ಮುರಿಯುತ್ತದೆ, ಆ ಪಾನಾ ನಿನ್ನ ಮೇಲೂ ಏಳಬಹುದು. ಆ ಮನೆಯಲ್ಲಿ ಇರುವವಳು ನೀನು, ಇಷ್ಟು ದೂರದಲ್ಲಿ ಇರುವವಳು ನಾನು. ಹೇಳು ಎಂದು ಇಲ್ಲಿಂದ ಬರೆಯುವುದು ಸುಲಭ. ಅದಕ್ಕೇ ಬರೆಯುವುದಿಲ್ಲ.

ಕಾಲೇಜಿನಲ್ಲಿ ಸರ್ ಪ್ರಶ್ನೆ ಕೇಳಿ ನನ್ನ ಕಡೆ ನೋಡಿದರೆ ನಾನು ತಲೆ ತಗ್ಗಿಸುತ್ತಿದ್ದೆ, ನೀನು ಎದ್ದು ನನ್ನ ಉತ್ತರ ಹೇಳುತ್ತಿದ್ದೆ. "ಇಕಿ ಬಾಯಿ ನನ್ನ ಹತ್ತಿರ ಐತ್ರಿ ಸರ್" ಎಂದರೆ ತರಗತಿಯೆಲ್ಲ ನಗುತ್ತಿತ್ತು. ಆಗ ನನಗೆ ನಾಚಿಕೆಯಾಗುತ್ತಿತ್ತು. ಈಗ ಅದನ್ನೇ ದಿನವಿಡೀ ನೆನೆಯುತ್ತೇನೆ.

ನಿನ್ನದೇ ಬೆಂಚಿನವಳು,
ನೀಲಮ

ತಾ.ಕ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ಆಯಿ ಬೆಳಗಿನಿಂದ ದಬ್ಬಣ ಹುಡುಕುತ್ತಿದ್ದಾಳೆ. ಅದು ಕೆಂಪು ಗಂಟಿನ ಗಾದಿಯ ನಡುವೆ ಇದೆ. ಮೊನೆ ಮೇಲೆ ಮಾಡಿ, ತಳದ ಅರಿವೆಗೆ ದಾರದಿಂದ ಬಿಗಿದು ನಿಲ್ಲಿಸಿ, ಬಾಯನ್ನು ಸಣ್ಣ ಸೂಜಿಯಿಂದ ಹೊಲಿದಿದ್ದೇನೆ. ಕೈಯಿಂದ ಒತ್ತಿದರೆ ಸಿಗುವುದಿಲ್ಲ, ಮೈಭಾರ ಬೀಳಬೇಕು. ನಾನು ಅದರ ಮೇಲೆ ಕೂತು ನೋಡಲಿಲ್ಲ, ದಾದಾನಿಗೆ ಸುಳ್ಳು ಹೇಳಿದೆ. ಅವನು ಅದನ್ನು ನಂಬಿ ಕಣ್ಣು ಮುಚ್ಚಿದಾಗಿನಿಂದ ನನಗೆ ಆ ಗಾದಿಯ ಮೇಲೆ ಸಂಜಯ ಕಾಣುತ್ತಿಲ್ಲ. ಬೀಗರ ಮನೆಯ ಯಾವುದೋ ಮಗು ಓಡಿ ಬಂದು ಕೂಡುತ್ತದೆ. ಯಾರೂ ಕೂಡುವ ಮೊದಲು ಬಾಯಿ ಬಿಚ್ಚಿ ತೆಗೆ. ಭಾನುವಾರದ ತನಕ ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಕಾಗದವನ್ನು ಒಲೆಗೆ ಹಾಕು ಎಂದು ಮೊದಲು ಬರೆದಿದ್ದೆ. ಹಾಕಬೇಡ. ಸಾಹೇಬರಿಗೆ ತೋರಿಸಬೇಕು ಎನಿಸಿದರೆ ಇದನ್ನೂ ದಬ್ಬಣವನ್ನೂ ತೋರಿಸು, ನನ್ನದೇ ಕೈ ಎಂದು ನಾನು ಒಪ್ಪುತ್ತೇನೆ. ನಿನ್ನ ಅಣ್ಣನನ್ನು ಉಳಿಸುವ ಮಾತನ್ನು ನಾನು ಹೇಳಿದ್ದೇನೆ. ನನ್ನ ಅಣ್ಣನಿಗೆ ಬೇಕಾದ ಮಾತು ನಿನ್ನ ಹತ್ತಿರ ಇದೆ.