ನಲವತ್ತೊಂದನೆಯ ಕುರ್ಚಿಯ ಅರ್ಧ ಪ್ರಶ್ನೆ

ಫರಸಿಪೇಟೆ, ಕಾಗಿಣಾ ದಂಡೆ
ಫೆಬ್ರುವರಿ 30, 2209

ಶಿವಲೀಲಾ ಹೂಗಾರ ಅವರಿಗೆ,

ಮೇಲಿನ ತಾರೀಖು ಕೈತಪ್ಪಲ್ಲ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನಗಳಿವೆ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಆದಷ್ಟು ನಿಮ್ಮ ಕಾಲದ ಕನ್ನಡದಲ್ಲೇ ಬರೆಯುತ್ತೇನೆ. ನೀವು ನನಗಿಂತ ಚಿಕ್ಕವರೋ ಹಿರಿಯರೋ ಹೇಳುವುದು ಕಷ್ಟ. ನಿಮ್ಮ ದನಿಗೆ ಇಪ್ಪತ್ತಾರು ವರ್ಷ, ನನಗೆ ಅರವತ್ತು. ಆದರೆ ನನ್ನ ಅಜ್ಜಿ ಹುಟ್ಟುವ ಮೊದಲೇ ನೀವು ತೀರಿಹೋಗಿದ್ದಿರಿ. ಆದ್ದರಿಂದ ‘ನೀವು’ ಎಂದೇ ಕರೆಯುತ್ತೇನೆ.

ನಾನು ಇಲ್ಲಿನ ಕೇಳುಮನೆಯ ವರದಿಗಾರ್ತಿ. ಕೇಳುಮನೆ ಎಂದರೆ ಸಂಶೋಧನೆಯ ಉಪನ್ಯಾಸಗಳು ನಡೆಯುವ ಸಭಾಂಗಣ. ನಿಮ್ಮ ನಂತರದ ಕಾಲದಲ್ಲಿ ಯಂತ್ರಗಳು ಬರೆದ ಪ್ರಬಂಧಗಳು ರಾಶಿ ಬಿದ್ದವು. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದೇ ತಿಳಿಯದಂತಾಯಿತು. ಆಗ ಒಂದು ಕಾಯ್ದೆ ಬಂತು. ಯಾವ ಶೋಧವೇ ಆಗಲಿ, ಅದನ್ನು ಮಾಡಿದವರು ತುಂಬಿದ ಸಭೆಯ ಮುಂದೆ ಬಾಯಿಬಿಟ್ಟು ಹೇಳಬೇಕು. ಸಭೆ ಪ್ರಶ್ನೆ ಕೇಳಿ ಒಪ್ಪಿದ ಮೇಲೆಯೇ ಸರ್ಕಾರ ಅದರ ಮೇಲೆ ಕ್ರಮ ಕೈಗೊಳ್ಳಬೇಕು. ಕಾಯ್ದೆ ಮಾಡಿದವರ ಉದ್ದೇಶ ಒಳ್ಳೆಯದೇ ಇತ್ತು. ಸಭೆಯಲ್ಲಿ ಯಾರು ಕೂತಿರುತ್ತಾರೆ ಎಂಬುದನ್ನು ಅವರು ವಿಚಾರಿಸಲಿಲ್ಲ.

ಕೂತಿರುವವರು ಬದಲಿಗಳು. ನಿಮ್ಮ ಮೊಬೈಲಿನಲ್ಲಿ ಈಗಾಗಲೇ ಒಂದು ಇರಬಹುದು. ಪಿಎಚ್‌ಡಿ ವಿದ್ಯಾರ್ಥಿಗಳು ಇಂತಿಷ್ಟು ಕಾರ್ಯಾಗಾರಗಳಿಗೆ ಹಾಜರಾಗಲೇಬೇಕು, ಪ್ರಮಾಣಪತ್ರ ತರಲೇಬೇಕು ಎಂಬ ನಿಯಮವಿದ್ದ ಕಾಲದಲ್ಲಿ, ನಿಮ್ಮ ದನಿ ಕಲಿತು ನಿಮ್ಮ ಪರವಾಗಿ ಆನ್‌ಲೈನಿನಲ್ಲಿ ಕೂರುವ ಸಹಾಯಕ ಬಂತು. ಹೆಸರು ಕರೆದರೆ ‘ಪ್ರೆಸೆಂಟ್’ ಎನ್ನುತ್ತದೆ. ಉಪನ್ಯಾಸ ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತದೆ. ಸಾರಾಂಶವನ್ನು ನಿಮ್ಮ ಮೇಲ್‌ಗೆ ಕಳಿಸುತ್ತದೆ. ಸಾವಿರಾರು ವಿದ್ಯಾರ್ಥಿಗಳು ಅದನ್ನು ಆಜೀವ ಶ್ರೋತೃವಾಗಿ ನೋಂದಾಯಿಸಿದರು, ಏಕೆಂದರೆ ಆಜೀವ ನೋಂದಣಿಗೆ ಶುಲ್ಕ ಕಡಿಮೆಯಿತ್ತು. ರದ್ದು ಮಾಡಬೇಕಾದರೆ ನೋಂದಾಯಿಸಿದವರ ಮೊಬೈಲಿಗೆ ಬರುವ ಒಟಿಪಿ ಹಾಕಬೇಕಿತ್ತು. ಆ ಮೊಬೈಲುಗಳು ಇಂದು ಇಲ್ಲ. ಜನರೂ ಇಲ್ಲ. ಒಟಿಪಿ ಮಾತ್ರ ಪ್ರತಿ ವರ್ಷ ಹೋಗುತ್ತದೆ.

ಹೀಗಾಗಿ ನಮ್ಮ ಸಭಾಂಗಣದ ಅಷ್ಟೂ ಕುರ್ಚಿಗಳು ನಿಮ್ಮ ಕಾಲದವರವು. ಪ್ರತಿ ಕುರ್ಚಿಯ ಬೆನ್ನಿಗೆ ಒಂದು ಪುಟ್ಟ ಸ್ಪೀಕರ್, ಒಂದು ದೀಪ. ಬದುಕಿರುವ ನಾವು ಗೋಡೆಗೆ ಒರಗಿ ನಿಲ್ಲುತ್ತೇವೆ, ಆದ್ದರಿಂದ ನಮಗೆ ‘ನಿಂತವರು’ ಎಂದು ಹೆಸರು. ನಿಂತವರಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ, ಮತವೂ ಇಲ್ಲ. ಸಭೆ ಶುರುವಾಗುವ ಮೊದಲು ನಿಮ್ಮವರು ಮಾಡುತ್ತಿದ್ದಂತೆಯೇ ಒಂದು ಕುಂಡದ ಸಸಿಗೆ ನೀರು ಹಾಕುತ್ತೇವೆ. ಸಸಿ ಪ್ಲಾಸ್ಟಿಕ್ಕಿನದು. ನೀರು ಮಾತ್ರ ನಿಜದ್ದು. ಆಮೇಲೆ ದೀಪಗಳು ಒಂದೊಂದಾಗಿ ಹತ್ತುತ್ತವೆ, ಪ್ರತಿ ಕುರ್ಚಿಯೂ ಮೊದಲು ಒಂದೇ ಮಾತು ಕೇಳುತ್ತದೆ: ‘ಕೇಳಸ್ತದ್ರೀ ಮೇಡಂ?’ ಗೋಡೆಯ ಬಳಿಯ ನಾವೆಲ್ಲ ಒಟ್ಟಿಗೆ ‘ಕೇಳಸ್ತದ’ ಎನ್ನುತ್ತೇವೆ. ಹಾಗೆ ಹೇಳಬೇಕೆಂದು ಯಾವ ನಿಯಮವೂ ಇಲ್ಲ. ಹೇಳದಿದ್ದರೆ ಅವು ಕೇಳುತ್ತಲೇ ಇರುತ್ತವೆ.

ದನಿಯ ಜೊತೆಗೆ, ನೋಂದಾಯಿಸುವಾಗ ಸುತ್ತಮುತ್ತ ಇದ್ದದ್ದೂ ಸೇರಿಕೊಂಡಿದೆ. ಒಂದು ಕುರ್ಚಿಯಲ್ಲಿ ಕುಕ್ಕರ್ ಕೂಗುತ್ತದೆ. ಇನ್ನೊಂದರಲ್ಲಿ ಯಾರದೋ ಮದುವೆಯ ಬ್ಯಾಂಡು. ನಿಮ್ಮದು ನಲವತ್ತೊಂದನೆಯ ಕುರ್ಚಿ. ಅದರ ದೀಪ ಹತ್ತಿದಾಗ ದೂರದಿಂದ ಒಬ್ಬ ಹೆಂಗಸು ಕೂಗುತ್ತಾರೆ: ‘ಶಿವಲೀಲಾ, ಹಾಲು ಉಕ್ಕಲಾಕತ್ತದ ನೋಡ!’ ನಿಮ್ಮ ತಾಯಿ ಇರಬೇಕು. ನೀವು ಇದನ್ನು ಓದುವಷ್ಟರಲ್ಲಿ ಆ ಹಾಲು ಉಕ್ಕಿಹೋಗಿರಬಹುದು. ಇಲ್ಲಿ ಅದು ಇನ್ನೂ ಉಕ್ಕುತ್ತಲೇ ಇದೆ.

ಯಾವ ಬದಲಿಗೂ ತನ್ನದೆಂಬ ಪ್ರಶ್ನೆ ಇರುವುದಿಲ್ಲ. ಒಡೆಯರು ಎಂದಾದರೂ ಕೇಳಿದ್ದನ್ನೇ ಅದು ಕೇಳುತ್ತದೆ. ನಿಮ್ಮನ್ನು ಬಿಟ್ಟು ಇಲ್ಲಿನ ಯಾರೂ ಏನನ್ನೂ ಕೇಳಿರಲಿಲ್ಲ. ಆದ್ದರಿಂದ ಅವಕ್ಕೆ ಕಂಪನಿಯವರೇ ಮೂರು ಸಿದ್ಧ ಪ್ರಶ್ನೆಗಳನ್ನು ಕೊಟ್ಟಿದ್ದರು: ನಿಮ್ಮ ಅಧ್ಯಯನದ ಮಿತಿ ಏನು? ಮಾದರಿಯ ಗಾತ್ರ ಎಷ್ಟು? ಪಿಪಿಟಿ ಕಳಿಸ್ತೀರಾ? ಒಬ್ಬರು ಕೇಳಿದೊಡನೆ ಉಳಿದವರೆಲ್ಲ ‘ನಂದೂ ಅದೇ ಪ್ರಶ್ನೆ’ ಎನ್ನುತ್ತಾರೆ. ಆಮೇಲೆ ಮತ ಹಾಕುತ್ತಾರೆ. ಅವರು ಕೇಳಿದ ಪ್ರತಿ ಉಪನ್ಯಾಸವೂ ‘ಹೆಚ್ಚಿನ ಅಧ್ಯಯನ ಅಗತ್ಯ’ ಎಂಬ ಸಾಲಿನಲ್ಲೇ ಮುಗಿದಿತ್ತು. ಅವರ ಮತವೂ ಅದೇ. ವಿಷಯ ಮುಂದಕ್ಕೆ ಹೋಗುತ್ತದೆ. ಮೂರು ಸಲ ಮುಂದಕ್ಕೆ ಹೋದರೆ ಕಡತ ಮುಚ್ಚುತ್ತದೆ.

ನಿಮ್ಮ ಕುರ್ಚಿ ಮಾತ್ರ ಬೇರೆ. ನೀವು ಒಂದು ಕಾರ್ಯಾಗಾರಕ್ಕೆ ಖುದ್ದಾಗಿ ಹೋಗಿದ್ದಿರಿ, ಅಥವಾ ಹೋಗಲಿದ್ದೀರಿ. ಪ್ರಬಂಧ ಬರವಣಿಗೆಯ ಕೌಶಲದ ಬಗ್ಗೆ ಎರಡು ದಿನದ ಕಾರ್ಯಾಗಾರ. ಬದಲಿ ನಿಮ್ಮ ಮಾತಿನ ರೀತಿ ಕಲಿಯಲೆಂದು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡಿದ್ದಿರಿ. ಚಿತ್ರವಿಲ್ಲ, ಸದ್ದು ಮಾತ್ರ ನಮ್ಮಲ್ಲಿದೆ. ಬೇರೆ ಊರಿನಿಂದ ಬಂದ ಒಬ್ಬ ಮೇಡಂ ಯಾವುದೋ ನಕ್ಷೆ ತೋರಿಸಿ, ಈ ಬಿಳಿ ಭಾಗದಲ್ಲಿ ಮಾಹಿತಿ ಸಿಗಲಿಲ್ಲ, ಅದಕ್ಕೆ ಬಿಟ್ಟಿದ್ದೇವೆ ಎನ್ನುತ್ತಾರೆ. ಆಗ ನೀವು ಕೆಮ್ಮುತ್ತೀರಿ. ಕುರ್ಚಿ ಸರಿಯುತ್ತದೆ. ‘ಮೇಡಂ, ಅಲ್ಲಿ…’ ಎನ್ನುತ್ತೀರಿ. ಅಷ್ಟರಲ್ಲಿ ಸಂಚಾಲಕರ ದನಿ ಅಡ್ಡ ಬರುತ್ತದೆ: ‘ಪ್ರಶ್ನಾ-ಗಿಶ್ನಾ ಎಲ್ಲಾ ಆಮ್ಯಾಗ, ತಂಗಿ. ಕುಂದ್ರು. ಚಾ ಆರಲಾಕತ್ತದ.’ ಸಭೆ ನಗುತ್ತದೆ. ನೀವು ಕೂರುತ್ತೀರಿ. ಅದಾದ ಮೇಲೆ ಯಾವ ಕಾರ್ಯಾಗಾರಕ್ಕೂ ನೀವು ಖುದ್ದಾಗಿ ಹೋಗಲಿಲ್ಲ.

ಅಂದಿನಿಂದ ಪ್ರತಿ ಉಪನ್ಯಾಸದ ಕೊನೆಗೆ ನಿಮ್ಮ ಕುರ್ಚಿ ಕೆಮ್ಮುತ್ತದೆ, ‘ಮೇಡಂ, ಅಲ್ಲಿ…’ ಎನ್ನುತ್ತದೆ, ಚಹಾ ಆರುತ್ತದೆ, ಎಂದೋ ಸತ್ತ ಜನ ನಗುತ್ತಾರೆ, ದೀಪ ಆರುತ್ತದೆ. ನಾನು ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಇದನ್ನು ಮೊದಲ ಸಲ ಕೇಳಿದೆ. ನಮ್ಮೂರಲ್ಲಿ ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ‘ಅಲ್ಲಿ ಅಂದು ಕುಂತಂಗ’ ಎನ್ನುವ ಮಾತಿದೆ. ಗೋಡೆ ಅರ್ಧ ಕಟ್ಟಿ ಹೋದ ಗೌಂಡಿಗೂ ಅದೇ, ಮಾತು ಕೊಟ್ಟು ಬಾರದ ವರನಿಗೂ ಅದೇ. ಆ ಮಾತು ಎಲ್ಲಿಂದ ಬಂತೆಂದು ಎಲ್ಲರಿಗೂ ಗೊತ್ತು. ಮುಂದೆ ಏನಿತ್ತೆಂದು ಯಾರಿಗೂ ಗೊತ್ತಿಲ್ಲ.

ಈಗ ನಾನು ಬರೆಯಬೇಕಾದ ವಿಷಯಕ್ಕೆ ಬರುತ್ತೇನೆ. ಫರಸಿಪೇಟೆಯಲ್ಲಿ ಹಳೇ ಖಣಿ ಗಲ್ಲಿ ಎಂದೊಂದಿದೆ. ನಿಮ್ಮ ಕಾಲದಲ್ಲಿ ಅಲ್ಲಿ ನೆಲಹಾಸಿನ ಕಲ್ಲು ತೆಗೆದು, ಆಳವಾದ ಕುಣಿಗಳನ್ನು ಬೂದಿ ಮತ್ತು ಕಸದಿಂದ ತುಂಬಿ, ಮೇಲೆ ಮಣ್ಣು ಹರಡಿ ನಿವೇಶನ ಹಂಚಿದರು. ಆ ನೆಲ ಈಗ ಒಳಗೊಳಗೇ ಕುಸಿಯುತ್ತಿದೆ. ಒಮ್ಮೆಲೇ ಅಲ್ಲ, ಆದ್ದರಿಂದ ಜನ ಅದಕ್ಕೆ ಹೊಂದಿಕೊಂಡಿದ್ದಾರೆ. ತಟ್ಟೆಯಲ್ಲಿ ಸಾರು ಒಂದೇ ಕಡೆಗೆ ಸರಿಯುವುದರಿಂದ ರೊಟ್ಟಿಯನ್ನು ಆ ಕಡೆಗೇ ಇಡುತ್ತಾರೆ. ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ, ಅದಕ್ಕೆ ಎಲ್ಲರ ಮನೆಯ ಬಾಗಿಲಿಗೂ ಒಂದು ಕಲ್ಲು. ಅಲ್ಲಿ ಹುಟ್ಟಿದ ಮಕ್ಕಳು ಬೇರೆ ಬೀದಿಗೆ ಬಂದಾಗ ಎಡಕ್ಕೆ ವಾಲಿ ನಡೆಯುತ್ತಾರೆ. ಸಮತಟ್ಟು ನೆಲದಲ್ಲಿ ಅವರಿಗೆ ತಲೆ ತಿರುಗುತ್ತದಂತೆ.

ಹಸೀನಾ ನದಾಫ ಎಂಬ ಸಂಶೋಧನಾ ವಿದ್ಯಾರ್ಥಿನಿ ಆ ಗಲ್ಲಿಯನ್ನು ನಾಲ್ಕು ವರ್ಷಗಳಿಂದ ಅಳೆಯುತ್ತಿದ್ದಾಳೆ. ಉಪಕರಣ ಕೆಟ್ಟಾಗ ಪ್ರತಿ ಹೊಸ್ತಿಲ ಮೇಲೂ ಒಂದು ಗಾಜಿನ ಗೋಲಿ ಇಟ್ಟು, ಅದು ಯಾವ ಕಡೆಗೆ ಉರುಳುತ್ತದೆ ಎಂದು ಬರೆದುಕೊಂಡಳು. ಮೊದಲ ವರ್ಷ ಗೋಲಿಗಳು ಬೇರೆ ಬೇರೆ ಕಡೆಗೆ ಹೋಗುತ್ತಿದ್ದವು. ಈಗ ಗಲ್ಲಿಯ ಎಲ್ಲ ಗೋಲಿಗಳೂ ಒಂದೇ ಕಡೆಗೆ, ಶಾಲೆಯ ಕಡೆಗೆ ಉರುಳುತ್ತವೆ. ಮುಂದಿನ ಮಳೆಗಾಲದಲ್ಲಿ ಶಾಲೆಯ ಕೆಳಗಿನ ಕುಣಿ ಬಾಯಿ ತೆರೆಯುತ್ತದೆ ಎಂಬುದು ಅವಳ ಶೋಧ. ಅವಳ ಲೆಕ್ಕವನ್ನು ಬದುಕಿರುವ ಇಬ್ಬರು ಪ್ರಾಧ್ಯಾಪಕರು ನೋಡಿ ಸರಿ ಎಂದಿದ್ದಾರೆ. ಅವರೂ ನಿಂತವರೇ. ಸಭೆ ಒಪ್ಪದೆ ಬೇರೆ ಜಾಗ ಸಿಗುವುದಿಲ್ಲ. ಜಾಗವಿಲ್ಲದೆ ಜನ ಎಲ್ಲಿಗೆ ಹೋಗಬೇಕು?

ಹಸೀನಾ ಎರಡು ಸಲ ಉಪನ್ಯಾಸ ಕೊಟ್ಟಳು. ಎರಡು ಸಲವೂ ಕುರ್ಚಿಗಳು ಮಾದರಿಯ ಗಾತ್ರ ಕೇಳಿದವು, ಪಿಪಿಟಿ ಕೇಳಿದವು, ವಿಷಯ ಮುಂದಕ್ಕೆ ಹಾಕಿದವು. ಎರಡನೆಯ ಸಲ ಗಲ್ಲಿಯ ಶರಣಮ್ಮಜ್ಜಿ ಕೋಲೂರಿಕೊಂಡು ಬಂದು ನಮ್ಮ ಜೊತೆ ನಿಂತಿದ್ದರು. ಮತ ಮುಗಿದ ಮೇಲೆ ಹಸೀನಾಳ ತಲೆ ಸವರಿ, ‘ನಿನ್ನ ಗೋಲಿ ಶಾಣ್ಯಾ ಅದಾವ ಬೇಟಿ. ಈ ಕುರ್ಚಿಗೋಳಿಗೇ ಇಳಿಜಾರು ತಿಳಿವಲ್ದು’ ಎಂದರು. ಹಸೀನಾ ನಕ್ಕಳು. ಆಮೇಲೆ ಕುಂಡದ ಪಕ್ಕ ಕೂತು ಬಹಳ ಹೊತ್ತು ಅತ್ತಳು. ಅವಳ ಮೂರನೆಯ ಮತ್ತು ಕೊನೆಯ ಉಪನ್ಯಾಸ ನಾಳೆ.

ನಮ್ಮ ನಿಯಮಾವಳಿಯಲ್ಲಿ ಒಂದೇ ಒಂದು ದಾರಿಯಿದೆ. ಸಿದ್ಧ ಪ್ರಶ್ನೆಗಳಲ್ಲದ ಒಂದು ಪೂರ್ಣ ಪ್ರಶ್ನೆ ನೋಂದಾಯಿತ ಕುರ್ಚಿಯಿಂದ ಬಂದರೆ, ವಿಷಯ ಮತಕ್ಕೆ ಹೋಗದೆ ಬದುಕಿರುವವರ ಸಮಿತಿಗೆ ಹೋಗುತ್ತದೆ. ಯಾವ ಪ್ರಶ್ನೆಯಾದರೂ ನಡೆಯುತ್ತದೆ. ಪೂರ್ಣವಾಗಿರಬೇಕು, ಅಷ್ಟೇ. ಇಡೀ ಸಭಾಂಗಣದಲ್ಲಿ ಅಂಥದ್ದಕ್ಕೆ ಬಾಯಿ ತೆರೆಯುವ ಕುರ್ಚಿ ನಿಮ್ಮದೊಂದೇ.

ಸತ್ತವರಿಗೆ ಕಾಗದ ಬರೆಯುವ ಅಭ್ಯಾಸ ನನಗಿಲ್ಲ. ಎರಡು ಸಂಗತಿಗಳು ನಡೆದದ್ದರಿಂದ ಬರೆಯುತ್ತಿದ್ದೇನೆ. ಹಸೀನಾಳ ಎರಡನೆಯ ಉಪನ್ಯಾಸದ ದಿನ ನಿಮ್ಮ ಕುರ್ಚಿ ಎಂದಿನಂತೆ ಕೆಮ್ಮಿತು. ನನ್ನ ಪಕ್ಕದವರು ಎಂದಿನಂತೆ ‘ಬಂತು ನೋಡ್ರಿ, ಅಕ್ಕನ ಕೆಮ್ಮು’ ಎಂದು ಪಿಸುಗುಟ್ಟಿದರು. ‘ಮೇಡಂ, ಅಲ್ಲಿ’ ಎಂದಿತು. ಆದರೆ ಸಂಚಾಲಕರ ದನಿ ಬರುವ ಮೊದಲು ಒಂದು ಉಸಿರಿನ ಸದ್ದಾಯಿತು. ಯಾರೋ ಒಳಕ್ಕೆ ಉಸಿರು ಎಳೆದುಕೊಂಡಂತೆ, ಇನ್ನೊಂದು ಮಾತಿಗೆ ತಯಾರಾದಂತೆ. ಪಿಸುಗುಟ್ಟಿದವರು ಕುರ್ಚಿಯ ಕಡೆ ಕತ್ತು ಚಾಚಿದರು. ನಾನು ಹಳೆಯ ದಾಖಲೆಗಳನ್ನೆಲ್ಲ ತೆಗೆಸಿ ಕೇಳಿದೆ. ಆ ಉಸಿರು ಅವುಗಳಲ್ಲಿ ಎಲ್ಲೂ ಇಲ್ಲ.

ಎರಡನೆಯದು, ಬದಲಿಗಳು ತಮ್ಮ ಒಡೆಯರಿಗೆ ಸಾರಾಂಶ ಕಳಿಸುವುದನ್ನು ಎಂದೂ ನಿಲ್ಲಿಸಿಲ್ಲ. ಅವನ್ನು ತೆರೆಯುವವರಿಲ್ಲ. ಆ ದಿನದ ಸಾರಾಂಶವನ್ನು ಒಬ್ಬರು ತೆರೆದರು. ನಿಮ್ಮ ವಿಳಾಸದ ಮುಂದೆ ‘ಓದಲಾಗಿದೆ’ ಎಂಬ ಗುರುತು ಬಂತು. ಗುರುತಿನಲ್ಲಿದ್ದ ತಾರೀಖು ನಿಮ್ಮ ಕಾಲದ್ದು, ಆ ಕಾರ್ಯಾಗಾರದ ಹಿಂದಿನ ಸಂಜೆ. ನಮ್ಮ ತಂತ್ರಜ್ಞರು ಅದನ್ನು ಯಂತ್ರದ ದೋಷ ಎಂದು ಬರೆದರು. ನನಗೆ ವಿವರಣೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದೇನೆ. ಈ ಕಾಗದವನ್ನೂ ಸಾರಾಂಶದ ಜಾಗದಲ್ಲೇ ಇಟ್ಟು ಕಳಿಸುತ್ತೇನೆ.

ಹಾಗಾದರೆ ನಿಮ್ಮ ಪಾಲಿಗೆ ಕಾರ್ಯಾಗಾರ ನಾಳೆ ಬೆಳಿಗ್ಗೆ. ಬ್ಯಾಗು, ಪ್ಯಾಡು, ಪೆನ್ನು ಕೊಡುತ್ತಾರೆ. ಸಸಿಗೆ ನೀರು ಹಾಕುತ್ತಾರೆ. ಸ್ವಾಗತ ಭಾಷಣ ಉದ್ದವಿರುತ್ತದೆ. ನಿಮಗೆ ನಿದ್ದೆ ಬರಬಹುದು, ಬದಲಿಯನ್ನೇ ಕಳಿಸಬಹುದಿತ್ತು ಅನ್ನಿಸಬಹುದು. ದಯವಿಟ್ಟು ಹೋಗಿ. ಮೇಡಂ ನಕ್ಷೆಯ ಬಿಳಿ ಭಾಗವನ್ನು ತೋರಿಸಿದಾಗ ನಿಮಗೆ ಏನು ಕೇಳಬೇಕು ಅನ್ನಿಸುತ್ತದೋ ನನಗೆ ತಿಳಿಯದು. ಅಲ್ಲಿ ಯಾರು ಇದ್ದಾರೆ ಎಂದು ಕೇಳುತ್ತೀರಿ ಎಂಬುದು ಹಸೀನಾಳ ನಂಬಿಕೆ. ಅಲ್ಲಿ ಪರದೆಯ ಮೇಲೆ ಲೈಟು ಮಿನುಗುತ್ತಿದೆ ಎಂದು ಹೇಳುವುದಿತ್ತು ಅಷ್ಟೇ ಎನ್ನುತ್ತಾರೆ ಶರಣಮ್ಮಜ್ಜಿ. ಮಾತನ್ನು ನಾನು ಹೇಳಿಕೊಡುವುದಿಲ್ಲ, ಅದು ನಿಮ್ಮದೇ ಆಗಿರಬೇಕು. ನನ್ನ ಬೇಡಿಕೆ ಇಷ್ಟೇ. ಸಂಚಾಲಕರು ಕೂರು ಎಂದಾಗ ಕೂರಬೇಡಿ. ಅವರು ಕೆಟ್ಟವರಲ್ಲ, ಅವರಿಗೆ ಚಹಾದ ಚಿಂತೆ. ಸಭೆ ನಕ್ಕರೆ ನಗಲಿ. ಆ ನಗೆ ಎಷ್ಟು ಕಾಲ ಉಳಿಯುತ್ತದೆ ಎಂದು ನಾನು ಬಲ್ಲೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಅರ್ಧಕ್ಕೆ ನಿಂತ ಮಾತಿನಿಂದ ಆಗುತ್ತದೆ.

ಇಷ್ಟು ಬರೆದು ತಲೆ ಎತ್ತಿದೆ. ಕಾಗದವನ್ನು ನಾನಿನ್ನೂ ಕಳಿಸಿಲ್ಲ. ಆದರೆ ನಿಮ್ಮ ವಿಳಾಸದ ಮುಂದೆ, ಈ ಕಾಗದಕ್ಕೆ, ‘ಓದಲಾಗಿದೆ’ ಎಂಬ ಗುರುತು ಆಗಲೇ ಬಂದಿದೆ.

ನಾಳೆ ನಿಮ್ಮ ಕುರ್ಚಿಯ ಪಕ್ಕದಲ್ಲೇ ನಿಂತಿರುತ್ತೇನೆ. ವರದಿಯ ಹಾಳೆಯಲ್ಲಿ ‘ಮೇಡಂ, ಅಲ್ಲಿ’ ಎಂದು ಈಗಲೇ ಬರೆದು, ಮುಂದಿನ ಸಾಲು ಖಾಲಿ ಬಿಟ್ಟಿದ್ದೇನೆ. ಚಹಾ ಆರಿದರೆ ಆರಲಿ, ತಾಯಿ. ನೀವು ನಿಂತೇ ಇರಿ.

ನೀಲಮ್ಮ ಕೋರಿ
ವರದಿಗಾರ್ತಿ, ಕೇಳುಮನೆ